ಏಳನೆಯ ಚೌಕ

ಪ್ರತಿ ಜನವರಿಯ ಮೊದಲ ಭಾನುವಾರ, ಬಲಿಪೂಜೆ ಮುಗಿಸಿ ಬಂದು
ಜೆಪ್ಪುವಿನ ತಮ್ಮ ಜಗಲಿಯಲ್ಲಿ ಫೆಲ್ಸಿ ಟೀಚರ್
ನಮಗೆ ಒಂದೊಂದು ಹಾಳೆ ಹಂಚುತ್ತಾರೆ.
ಹನ್ನೆರಡು ಸಾಲು, ಪಕ್ಕದಲ್ಲಿ ಹನ್ನೆರಡು ಚೌಕ,
ಕಪ್ಪುಹಲಗೆಯ ಮೇಲಿದ್ದ ಅದೇ ದುಂಡು ಅಕ್ಷರ:

ನಿನಗಿಂತ ವಯಸ್ಸಾದ ಪುಸ್ತಕ.
ಮುಖಪುಟದಲ್ಲಿ ನೀರಿರುವ ಪುಸ್ತಕ.
ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಜಗಳವಾಡಿದ ಪುಸ್ತಕ.
ನಿನ್ನ ಕಸುಬಿನವರು ಬರುವ ಪುಸ್ತಕ.
ಇದೊಂದು ಕಷ್ಟ. ಐಸ್ ಪ್ಲಾಂಟಿನ ಲೆಕ್ಕ ಬರೆಯುವವಳಿಗೆ
ಯಾವ ಕಾದಂಬರಿಯಲ್ಲಿ ಜಾಗ ಉಂಟು, ಹೇಳಿ?

ಬಹುಮಾನ ಇಲ್ಲ. ಹನ್ನೆರಡೂ ಮುಗಿಸಿದವರಿಗೆ
ಡಿಸೆಂಬರಿನಲ್ಲಿ ಕೇಕಿನ ತುಂಡು ಒಂದು ಹೆಚ್ಚು, ಅಷ್ಟೆ.
ಅಷ್ಟಕ್ಕೇ ಹಮ್ಮಬ್ಬ ಬ್ಯಾರಿಗಳು ಅಂಗಡಿಯ ಶಟರ್ ಅರ್ಧ ಎಳೆದು ಓದುತ್ತಾರೆ,
ಶಶಿಪ್ರಭಾ ಕುಂದರ್ ಮಗನ ಚಿತ್ರಪುಸ್ತಕ ಲೆಕ್ಕಕ್ಕೆ ಸೇರಿಸಿ
ಎರಡು ಸಲ ಸಿಕ್ಕಿಬಿದ್ದಿದ್ದಾಳೆ.

ನಾನು ಓದುವುದು ದೋಣಿಯಲ್ಲಿ.
ಬೆಂಗ್ರೆಯಿಂದ ಬಂದರಿಗೆ ನಾಲ್ಕು ಪುಟ,
ಎದುರು ನೀರಿದ್ದರೆ ಐದು.
ಜೂನ್ ಒಂದಕ್ಕೆ ಬೋಟುಗಳು ದಡಕ್ಕೆ ಬಿದ್ದು
ಮಂಜುಗಡ್ಡೆ ಕೇಳುವವರಿಲ್ಲದೆ ಯಂತ್ರ ಸುಮ್ಮನಾದರೆ
ಎರಡು ತಿಂಗಳು ನಾನು ಶ್ರೀಮಂತೆ.

ಈ ವರ್ಷದ ಏಳನೆಯ ಸಾಲು:
ಓದದೆಯೇ ಓದಿದ್ದೇನೆಂದು ನೀನು ಸುಳ್ಳು ಹೇಳಿದ ಪುಸ್ತಕ.
ಜಗಲಿ ನಕ್ಕಿತು.
ನಾನು ಸೀರೆಯ ಸೆರಗು ಸರಿಮಾಡಿಕೊಂಡೆ.

ಹತ್ತನೆಯ ಕ್ಲಾಸು. ತಮ್ಮದೇ ಪ್ರತಿ, ಕಂದು ಕಾಗದದ ಹೊದಿಕೆ,
ಇಡೀ ಕ್ಲಾಸಿನಲ್ಲಿ ನನಗೊಬ್ಬಳಿಗೆ ಕೊಟ್ಟಿದ್ದರು.
ಮೂರನೆಯ ವಾರ ಹಿಂದಿರುಗಿಸಿ ಹೇಳಿದ್ದೆ:
‘ಕೊನೆ ಓದಿ ಅತ್ತುಬಿಟ್ಟೆ, ಟೀಚರ್.’
‘ನಾನೂ ಮಾರಾಯ್ತಿ,’ ಎಂದು ಅವರು
ಕನ್ನಡಕ ತೆಗೆದು ಒರೆಸಿಕೊಂಡಿದ್ದರು.
ಮೂವತ್ತೊಂದು ವರ್ಷದ ನಮ್ಮ ಸ್ನೇಹ
ಆ ಎರಡು ವಾಕ್ಯಗಳ ಮೇಲೆ ಕಟ್ಟಿದ ಮಾಳಿಗೆ.

ಜುಲೈಯಲ್ಲಿ ಹೋಗಿ ಅದನ್ನೇ ಕೇಳಿದೆ.
ಯಾಕೆಂದು ಕೇಳದೆ ಕೊಟ್ಟರು.
ಹೊದಿಕೆ ಅದೇ. ನನ್ನ ಶಾಯಿಯ ಕಲೆಯೂ ಅದೇ.

ನೂರ ಹನ್ನೆರಡನೆಯ ಪುಟದಲ್ಲಿ ಬೆರಳು ನಿಂತಿತು.
ಮುಂದಿನ ಹಾಳೆ ತೆರೆಯಲಿಲ್ಲ. ಅದರ ಮುಂದಿನದೂ.
ಅಂಟಲ್ಲ, ಗೆದ್ದಲಲ್ಲ,
ಅಚ್ಚುಮನೆಯವರು ಅಂಚು ಕತ್ತರಿಸಲು ಮರೆತ ಮಡಿಕೆಗಳು,
ಅಲ್ಲಿಂದ ಕೊನೆಯವರೆಗೂ.
ಈ ದಾರಿಯಲ್ಲಿ ಯಾರೂ ಹೋಗಿಲ್ಲ.
ನಾನು ಹೋಗಿಲ್ಲ.
ಇವರು...

ನಕ್ಕೆ ನೋಡಿ! ಖಾಲಿ ಐಸ್ ಪ್ಲಾಂಟಿನಲ್ಲಿ ನಗು
ಗೋಡೆಗೆ ಬಡಿದು ಮರಳಿ ಬಂತು,
ಎಂತ ಆಯ್ತು ಎಂದು ವಾಚ್‌ಮನ್ ಓಡಿ ಬಂದ.
ಎಂತದ್ದೂ ಇಲ್ಲ, ಲೆಕ್ಕ ತಾಳೆಯಾಯಿತು ಎಂದೆ.

ಸ್ಟೀಲಿನ ಅಡಿಕೋಲಿನಿಂದ ಒಂದೊಂದೇ ಸೀಳಿದೆ.
ಮಡಿಲ ತುಂಬ ಕಾಗದದ ಹಿಟ್ಟು.
ಮರುದಿನ ದೋಣಿಯಲ್ಲಿಯೂ ಸೀಳಿದೆ,
ಎದುರು ಕೂತ ಹುಡುಗಿ ಬೈಗೆ ಮೀನನ್ನು ಹೆರೆಯುವವಳನ್ನು ನೋಡಿದಂತೆ ನೋಡಿದಳು.
ಕೊನೆಯಲ್ಲಿ ಅಳುವಂಥದ್ದು ಏನೂ ಇರಲಿಲ್ಲ.
ಒಬ್ಬಳು ಹೆಂಗಸು ಚಿಲಕ ತೆಗೆದು
ಬೆಕ್ಕನ್ನು ಒಳಗೆ ಬಿಡುತ್ತಾಳೆ.
ಮುಗಿಯಿತು.

ಪುಸ್ತಕ ಕೊಡಲು ಹೋದಾಗ ಟೀಚರ್ ಹಪ್ಪಳ ಒಣಗಿಸಲು ಬಿಸಿಲು ಹುಡುಕುತ್ತಿದ್ದರು.
ಕೈ ಒರೆಸಿ ತೆಗೆದುಕೊಂಡರು. ಹೆಬ್ಬೆರಳು ಅಂಚಿನ ಮೇಲೆ ಜಾರಿತು,
ನಯ, ನಯ, ನಯ,
ಆಮೇಲೆ ತರಿತರಿ.
ಅಲ್ಲಿ ನಿಂತಿತು.

‘ಕೊನೆ?’ ಎಂದರು, ಹಪ್ಪಳದ ಕಡೆ ನೋಡುತ್ತ.
‘ಒಂದು ಬೆಕ್ಕು ಬರ್ತದೆ, ಟೀಚರ್.’
‘ಬೆಕ್ಕಾ?’
‘ಬೆಕ್ಕು.’

ತುಂಬ ಹೊತ್ತಾದ ಮೇಲೆ ಕೇಳಿದರು,
‘ಚಾಕ್ಕೆ ಸಕ್ಕರೆ ಎಷ್ಟು ಹಾಕಲಿ?’
ಒಂದೂವರೆ ಚಮಚವೆಂದು ಮೂವತ್ತೊಂದು ವರ್ಷದಿಂದ ಬಲ್ಲವರು.

ಪುಸ್ತಕ ಆ ದಿನ ಕಪಾಟಿಗೆ ಹೋಗಲಿಲ್ಲ.
ದಿಂಬಿನ ಹತ್ತಿರ, ಅವರ ಓದುವ ಕನ್ನಡಕದ ಪಕ್ಕ ಕೂತಿತು.