ಮುಖ ಇರುವ ಬೇರಿಂಗು

ಹಳದಿ ದೀಪ. ಅದರೊಳಗ ಒಂದು ಸಣ್ಣ ಕಾರು,
ಹಿಂದ ಹಾವು ಹರದಂಗ ಎರಡು ಗೆರಿ.
ಜಾರಾಕತ್ತೀನಿ ಅಂತೈತಿ.
ಕಾರು ನಿಂತಲ್ಲೇ ನಿಂತೈತಿ,
ಇಂಡಿ ಲಿಂಬಿ ಮಾರ್ಕೆಟ್ಟಿನ ಎದುರು, ನನ್ನ ಶೆಡ್ಡಿನ್ಯಾಗ,
ಏಪ್ರಿಲ್ ಬಿಸಲಾಗ.
ಜಾರಾಕ ಒಂದ್ಹನಿ ನೀರಿಲ್ಲ ಸುತ್ತ ನಾಕು ಹರದಾರಿ.

ಮೂರನೇ ಸಲ ಬಂದಾರ ಬಗಲಿ ಡಾಕ್ಟರಬಾಯಿ.
ದನದ ಡಾಕ್ಟರು. ಡಿಕ್ಕಿಯೊಳಗ ಹಗ್ಗ, ಬಕೀಟು,
ಭುಜದಮಟ ಬರೂ ಪ್ಲಾಸ್ಟಿಕ್ ಕೈಚೀಲ.
"ಬಸ್ ಸ್ಟ್ಯಾಂಡ್ ದಾಟೂದ್ರೊಳಗ ಮತ್ತ ಹತ್ತತೈತಿ ನೋಡು, ರೇವಣಸಿದ್ದ."
ಸಿಟ್ಟಿರಲಿಲ್ಲ ದನಿಯೊಳಗ. ಅದ ಹೆಚ್ಚು ಚುಚ್ಚಿತು.

ಮೊದಲ ಸಲ ಸ್ಕ್ಯಾನರ್ ಹಚ್ಚಿದ್ದೆ.
ಎಡಗಡೆ ಮುಂದಿನ ಗಾಲಿ ಮಾತಾಡವಲ್ದು ಅಂತು.
ಸೆನ್ಸರ್ ಬಿಚ್ಚಿ, ಎರಿಮಣ್ಣು ಒರಸಿ, ದೀಪ ಅಳಿಸಿ ಕಳಿಸಿದೆ.
ಎರಡನೇ ಸಲ ಹೊಸಾ ಸೆನ್ಸರು,
ಸೊಲ್ಲಾಪುರದಿಂದ ಬಸ್ಸಿನ್ಯಾಗ ತರಿಸಿದ್ದು.
ಎರಡು ಸಾವಿರದ ನೂರು ಎಣಿಸಿ ಕಿಸೆಕ್ಕ ಹಾಕೂವಾಗ
"ಇನ್ನ ಚಿಂತಿ ಬ್ಯಾಡ್ರಿ" ಅಂದವ ನಾನ.

ನಾಕು ಗಾಲಿ, ನಾಕು ಸುದ್ದಿ.
ಒಂದರ ಸುದ್ದಿ ಬರಲಿಲ್ಲಂದ್ರ ಗಾಡಿಗೆ ಗಾಬರಿ,
ಜಾರೇತೋ, ನಿಂತೇತೋ,
ಉಣ್ಣಾಕ ಕರದಾಗ ಓ ಅನ್ನದ ಕೂಸಿನ ಸಲುವಾಗಿ
ಮನಿಮಂದಿ ಬಾವಿ ಇಣಿಕಿದಂಗ.

ವಾಯರ್ ಪೂರಾ ಬೆರಳಿಲೆ ಸವರಿದೆ. ಮೀಟರ್ ಇಟ್ಟೆ. ಎಲ್ಲಾ ಸರಿ ಐತಿ.
ಮಳಸಿದ್ದ, ಕೆಲಸಕ್ಕ ಬಂದು ಎಂಟು ತಿಂಗಳಾದ ಹುಡುಗ,
ಸೋಡಾ ಕುಡ್ಕೋಂತ ಅಂದ:
"ಅಣ್ಣ, ಹೋಳಿ ಹುಣ್ಣಿವಿ ಮುಂದ ಈ ಗಾಲಿಗೆ ಬೇರಿಂಗ್ ಹಾಕಿದ್ರಲ್ಲ?"
"ಬೇರಿಂಗಿಗೂ ದೀಪಕ್ಕೂ ಏನಪಾ?
ಅದು ಕಬ್ಬಣ, ಇದು ಕರೆಂಟು."
ಅಂದೆ. ಅಂದ ಮ್ಯಾಲ ಸುಮ್ಮನಾದೆ.
ಆ ಕೆಲಸ ಮಾಡಿದ ಮರುದಿನಾನ ದೀಪ ಹತ್ತಿದ್ದು.

ದಸ್ತಗೀರ ಉಸ್ತಾದ ಕಲಿಸಿದ್ದು, ಜೀಪಿನ ಕಾಲದಾಗ,
ಗ್ರೀಸಿನ ಕೈಲೆ ನನ್ನ ಕಿವಿ ಹಿಡದು:
"ಬೇರಿಂಗಿಗೆ ಮುಖ ಇಲ್ಲ, ಬೆನ್ನ ಇಲ್ಲ.
ಯಾವ ಕಡೆಯಿಂದರ ಕೂಡಸು, ಸೀದಾ ಕೂಡಸು."
ಇಪ್ಪತ್ತಾರು ವರ್ಷ ಆ ಮಾತಿನ ಮ್ಯಾಲ ಉಂಡೀನಿ.

ಅದ ನಂಬರಿನ ಹೊಸದೊಂದು ಡಬ್ಬಿಯೊಳಗಿತ್ತು.
ಲೇಥಿನ ಬುಡದಿಂದ ಕಬ್ಬಣದ ಹುಡಿ ಒಂದು ಚಿಟಿಗಿ ತಂದು
ಒಂದು ಮಗ್ಗಲಕ್ಕ ಉದುರಿಸಿದೆ. ಜಾರಿ ಬಿತ್ತು.
ಹೊಳ್ಳಿಸಿ ಉದುರಿಸಿದೆ.
ಎದ್ದು ನಿಂತಿತು ಹುಡಿ! ಗೆರಿ ಗೆರಿ, ಸುತ್ತೂಕಡೆ,
ಈಗಷ್ಟ ಹಣಗಿ ಆಡಿಸಿದ ಕೂದಲದಂಗ.
ಕಪ್ಪು ರಬ್ಬರಿನೊಳಗ ಕಣ್ಣಿಗೆ ಕಾಣದ ಅಯಸ್ಕಾಂತ.
ಆ ಮುಖ ಸೆನ್ಸರಿನ ಕಡೆ ಇರಬೇಕು.
ಕರೆಂಟ್ ಹೋದ ರಾತ್ರಿ, ಮೊಬೈಲ್ ಬೆಳಕಿನ್ಯಾಗ,
ಸಾಲ್ಯಾಗ ಮಾಸ್ತರ ಶಿಕ್ಷಾ ಕೊಟ್ಟಂಗ
ಗ್ವಾಡಿ ಕಡೆ ಮುಖ ಮಾಡಿ ಕೂಡಿಸಿದ್ದೆ ಅದನ್ನ.

ಸೊಲ್ಲಾಪುರದ ಸೆನ್ಸರ್ ಖೊಟ್ಟಿ ಇತ್ರಿ ಅನ್ನಬಹುದಿತ್ತು.
ಮಳಸಿದ್ದ ಹುಡಿ ನೋಡ್ಕೋಂತ ನಿಂತಿದ್ದ.
"ತಪ್ಪು ನಂದ್ರಿ. ಉಲ್ಟಾ ಹಾಕೀನಿ."

ಡಾಕ್ಟರಬಾಯಿ ಬೇರಿಂಗ್ ಕೈಯಾಗ ತಗೊಂಡು ತಿರುವಿದ್ರು.
"ಹೋರ್ತಿಯೊಳಗ ಮೊನ್ನಿ ಒಂದೆಮ್ಮಿ. ಕರಾ ಹಿಂಗ,
ಬಾಲ ಮುಂದ ಮಾಡಿ ಕೂತಿತ್ತು.
ಇನ್ನೂ ಹೊತ್ತೈತಿ, ತಡೀರಿ ಅಂತ ಹೇಳಿ ಬಂದಿದ್ದೆ ನಾನು."
"ಉಳೀತೇನ್ರಿ?"
ಅವರು ಲಿಂಬಿ ಚೀಲ ಹೊರೂ ಮಂದಿ ಕಡೆ ನೋಡಿದ್ರು.

ಪ್ರೆಸ್ಸಿಗೆ ಹಚ್ಚಿ ತಗಿಯೂವಾಗ ಹಳೇ ಬೇರಿಂಗ್ ಒಡೀತು.
ಹೊಸದು ನನ್ನ ರೊಕ್ಕದ್ದು. ಮುಖ ಒಳಗ.
ಝಳಕಿ ರಸ್ತಾದ ಮ್ಯಾಲ ಹೋಗಿ ಬಂದ್ವಿ, ದೀಪ ಹತ್ತಲಿಲ್ಲ.
ಎರಡು ಸಾವಿರದ ನೂರು ತಿರುಗಿ ಕೊಟ್ಟೆ.
ಬ್ಯಾಡ ಅನ್ನಲಿಲ್ಲ ಅವರು, ಎಣಿಸಿ ತಗೊಂಡ್ರು.
ಅದು ಚಲೋ ಅನಿಸಿತು.

ಉಸ್ತಾದರಿಗೆ ಈಗ ಕಣ್ಣು ಮಂದ.
ಜುಮ್ಮಾ ದಿನ ಆ ಒಡದ ಬೇರಿಂಗು, ಕಾಗದದಾಗ ಹುಡಿ,
ತಗೊಂಡು ಹೋದೆ.
ಉದುರಿಸಿದೆ. ತುದಿಬೆರಳಿಲೆ ಮುಟ್ಟಿದ್ರು,
ಗೆರಿ ಹತ್ತಿ, ಗೆರಿ ಇಳದು.
ಭಾಳೊತ್ತು ಏನೂ ಅನ್ನಲಿಲ್ಲ.
ಆಮ್ಯಾಲ,
"ಇನ್ನೊಮ್ಮೆ ಹೊಳ್ಳಿಸು" ಅಂದ್ರು.