ಹೂಂ

ಮೂಡ್ಲಗಿರಿಯ ಮೊದಲ ರಂಗಮಂದಿರ
ಬಟವಾಡಿ ಮಂಡಿಯ ತಗಡಿನ ಶೆಡ್ಡು.
ಅವ್ವ ಹೊಂಬಾಳಮ್ಮ, ಸುತ್ತ ಹದಿನಾರು ಹೆಂಗಸರು,
ಮುಂದೆ ಗುಡ್ಡೆ ಗುಡ್ಡೆ ಹುಣಸೆಹಣ್ಣು.
ಕುಟ್ಟಿ, ನಾರು ಸೀಳಿ, ಬೀಜ ಬಿಡಿಸಿದರೆ
ಕೆಜಿಗಿಷ್ಟು ಅಂತ ಕೂಲಿ.
ಕೈ ಕೆಲಸಕ್ಕೆ, ಬಾಯಿ ಕಥೆಗೆ.
ಐದು ವರ್ಷದ ಇವನಿಗೆ ಒಂದೇ ಪಾತ್ರ:
ಹೂಂಗುಟ್ಟುವುದು.

ಅಸಲಿಗೆ ಅವಳ ಹತ್ತಿರ ಕಥೆಯೇ ಇರುತ್ತಿರಲಿಲ್ಲ.
ಒಬ್ಬ ರಾಜ ಇದ್ದ. ಹೂಂ.
ಅವನಿಗೆ ಹಲ್ಲುನೋವು. ಹೂಂ.
ನಿನ್ನೆ ಸತ್ತ ರಾಣಿ ಇವತ್ತು ಎದ್ದು
ಸಾರಿಗೆ ಹುಳಿ ಹಿಂಡುತ್ತಿದ್ದಳು. ಹೂಂ.
ಹೂಂ ತಡವಾದರೆ ಕಥೆ ಅಲ್ಲೇ ನಿಲ್ಲುತ್ತಿತ್ತು,
ರಾಜ ಬಾಯಿ ತೆರೆದುಕೊಂಡೇ ಕೂತಿರುತ್ತಿದ್ದ
ಮಾರನೇ ಬೆಳಿಗ್ಗೆಯವರೆಗೆ.

ನಾನು ಅವನ ಜೊತೆಗಾರ.
ಹಗಲು ಕ್ಯಾತ್ಸಂದ್ರದ ಹೈಸ್ಕೂಲಿನಲ್ಲಿ ಗಣಿತ,
ಭಾನುವಾರ ಸಂಜೆ ಇವನ ಹೆಂಡತಿ, ಇವನ ಎಮ್ಮೆ,
ಇವನ ಸಾಲಗಾರ, ಒಮ್ಮೆ ಇವನ ಮಂಡಿಚಿಪ್ಪು.
ಬರೆದದ್ದಿಲ್ಲ, ಬಾಯಿಪಾಠವಿಲ್ಲ,
ಜನ ಒಂದು ಪದ ಎಸೆಯಬೇಕು, ನಾವು ಹಿಡಿಯಬೇಕು.
ಶುರುವಿನಲ್ಲಿ ನಾನು ಬಲು ಬುದ್ಧಿವಂತ.
ಅವನು "ಇದು ದೋಣಿ" ಅಂದರೆ
"ತುಮಕೂರಲ್ಲಿ ಎಲ್ಲಯ್ಯ ನೀರು?" ಅಂದುಬಿಟ್ಟೆ.
ಜನ ನಕ್ಕರು. ದೋಣಿ ಮುಳುಗಿತು.
ಪರದೆಯ ಹಿಂದೆ ಭುಜ ಹಿಡಿದು ಹೇಳಿದ:
"ಮೇಷ್ಟ್ರೇ, ಇಲ್ಲ ಅನ್ನೋದು ಸುಲಭ ಕಣ್ರೀ.
ಹೂಂ ಅನ್ನಿ. ಆಮೇಲೆ ಹುಟ್ಟು ಹಾಕಿ."

ಟೀವಿಯವರು ಕರೆದರು.
ಧಾರಾವಾಹಿಯ ದೊಡ್ಡಮನೆಗೆ ಅಡಿಗೆಯವನು,
ಹೆಸರು ಬರೀ ಗಿರಿ; ಮೂಡ್ಲ ಪರದೆಗೆ ಹಿಡಿಸಲಿಲ್ಲ.
ಆರುನೂರ ಹನ್ನೆರಡು ಕಂತು
"ಅಮ್ಮಾವ್ರೇ, ಕಾಫಿ" ಅಂದ.
ಒಂದೇ ಒಂದು ಸಲ
"ಅಮ್ಮಾವ್ರೇ, ಹಾಲು ಒಡೆದಿದೆ, ಈ ಮನೆ ಥರಾನೇ" ಅಂದ.
ಲೈಟಿನ ಹುಡುಗರು ಬಿದ್ದು ಬಿದ್ದು ನಕ್ಕರು,
ನಿರ್ದೇಶಕರು ಕಟ್ ಅಂದರು,
ಬರೆದಷ್ಟು ಹೇಳಪ್ಪ ಅಂದರು.
ಆದರೂ ಆ ಕಾಫಿಯಿಂದಲೇ ಹೆಗ್ಗೆರೆಯಲ್ಲಿ
ಎರಡು ಕೋಣೆಯ ಮನೆ ಎದ್ದಿತು,
ಅವ್ವನ ಕಣ್ಣಿನ ಪೊರೆ ಹೋಯಿತು.

ರೇಟಿಂಗ್ ಬಿದ್ದ ವಾರ ಗಿರಿಯನ್ನು ಸಾಯಿಸಿದರು.
ಯಜಮಾನರಿಗೆ ಇಟ್ಟ ವಿಷದ ಪಾಯಸ, ಇವನು ರುಚಿ ನೋಡಿದ.
ಗೋಡೆಗೆ ಫೋಟೋ, ಫೋಟೋಗೆ ಗಂಧದ ಹಾರ.
ಫೋಟೋಗೆ ಸಂಬಳ ಇಲ್ಲ.
ಪೊರೆ ತೆಗೆಸಿದ ಕಣ್ಣಲ್ಲಿ ಅವ್ವ ಅದನ್ನೇ ನೋಡಿದಳು.
ಎದ್ದು ಹೋಗಿ ಉಪ್ಪು ಮೆಣಸಿನಕಾಯಿ ತಂದು
ಟೀವಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು.
ಅಷ್ಟರಲ್ಲಿ ಜಾಹೀರಾತು ಬಂದಿತ್ತು,
ಸೋಪಿನ ಹುಡುಗಿಗೂ ದೃಷ್ಟಿ ಹೋಯಿತು.

ಬಸ್ಸಿನಲ್ಲಿ ಜನ: "ಸಾರ್, ನೀವು ಸತ್ತಿದ್ರಲ್ಲ?"
"ಹೂಂ," ಅನ್ನುತ್ತಿದ್ದ,
"ಸೀಟು ಸಿಗಲಿಲ್ಲ, ವಾಪಸ್ ಬಂದೆ."

ಕಳೆದ ತಿಂಗಳು, ಅಶೋಕ ರಸ್ತೆ,
ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ.
ನಲವತ್ತು ಪ್ಲಾಸ್ಟಿಕ್ ಕುರ್ಚಿ, ಮೂರನೇ ಸಾಲಲ್ಲಿ ಅವ್ವ,
ಇದೇ ಮೊದಲ ಸಲ. ಕದ್ದಾರೆಂದು
ಚಪ್ಪಲಿ ಕವರಿಗೆ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಾಳೆ.
ಯಾರೋ ಹುಡುಗಿ ಪದ ಎಸೆದಳು: "ಬೀಗ."
ನಾನು ಬಾಗಿಲಾದೆ. ಅವನು ಕಳ್ಳನಾದ.
ಕೀಲಿ ಹುಡುಕಿದ, ಜೇಬಲ್ಲಿ, ಕಿವಿಯಲ್ಲಿ,
ಮುಂದೆ ಕೂತವರ ಟಿಫಿನ್ ಡಬ್ಬಿಯಲ್ಲಿ.
ಬಾಗಿಲು ತೆಗೆದ.
ಒಳಗೆ ಬಂದ.
ನಿಂತ.

ಬಾಯಲ್ಲಿ ಏನೂ ಇಲ್ಲ.
ಹದಿನೆಂಟು ವರ್ಷದಲ್ಲಿ ನಾನು ಕಾಣದ ಮುಖ;
ಹಾರವೊಂದಿಲ್ಲ ಅಷ್ಟೆ, ಅದೇ ಫೋಟೋ.
ಬಾಗಿಲಾದ ನಾನು ಮಾತಾಡುವ ಹಾಗಿಲ್ಲ.
ಫ್ಯಾನು ಸುತ್ತುವುದು ಕೇಳಿಸುತ್ತಿತ್ತು.

ಆಗ ಮೂರನೇ ಸಾಲಿನಿಂದ,
ಮಾಡುವ ಕೆಲಸ ಬಾಕಿ ಇದ್ದವರ ಸಿಡುಕು ದನಿ:
"ಹೂಂ?"

ಅವನು ಉಸಿರೆಳೆದುಕೊಂಡ.
"ಒಳಗೊಬ್ಬ ರಾಜ ಇದ್ದ," ಅಂದ,
"ಅವನಿಗೆ ಹಲ್ಲುನೋವು."
ಮಿಕ್ಕಿದ್ದು ನನಗೆ ನೆನಪಿಲ್ಲ,
ನಕ್ಕು ನಕ್ಕು ಬಾಗಿಲು ಚೌಕಟ್ಟಿನಿಂದ ಕಿತ್ತುಬಂತು.

ಬಾಡಿಗೆ ಕಳೆದು ಇಬ್ಬರಿಗೂ ಸೇರಿ ಉಳಿದದ್ದು ಮುನ್ನೂರೈವತ್ತು.
ಆಟೋದಲ್ಲಿ ಅವ್ವ ಕೇಳಿದಳು:
"ಯಾರಪ್ಪಾ ಬರ್ಕೊಟ್ಟಿದ್ದು ಇದನ್ನ?"
"ಯಾರೂ ಇಲ್ಲ ಕಣವ್ವಾ."
"ಅದ್ಕೇ ಮತ್ತೆ," ಅಂದಳು, ಚಪ್ಪಲಿ ಕೆಳಗಿಟ್ಟು,
"ನಡುವೆ ನಿಂತೋಯ್ತು."