ಉಭಯ ಪಕ್ಷಗಳು

ಲಂಡನ್ನಿನ ಸಭಾಂಗಣ. ಇಪ್ಪತ್ತು ದೇಶದ ಬಾವುಟ.
ಟೀ ಗಾಡಿ ತಳ್ಳುವುದು ನನ್ನ ಕೆಲಸ,
ಮಾತಾಡುವುದಲ್ಲ.

ಬೆಳಗ್ಗೆಯಿಂದ ಒಂದೇ ಪದಕ್ಕೆ ಜಗ್ಗಾಟ:
‘ಕೂಡಲೇ’ ಎನ್ನಬೇಕೋ
‘ಆದಷ್ಟು ಬೇಗ’ ಎನ್ನಬೇಕೋ.
ಜನರಲ್‌ಗಳಿಬ್ಬರೂ ಬಂದಿಲ್ಲ;
ಅವರಿಗೆ ಬಂದೂಕು ಮಾರಿದವರು ಬಂದಿದ್ದಾರೆ,
ಸಕ್ಕರೆ ಬೇಡವಂತೆ.

ಗಾಜಿನ ಗೂಡಿನೊಳಗೆ ದುಭಾಷಿ ಇಖ್ಲಾಸ್
ಎಲ್ಲರ ‘ತೀವ್ರ ಕಳವಳ’ವನ್ನೂ ದಾಟಿಸುತ್ತಾಳೆ,
ನೀರು ಕುಡಿಯುತ್ತಾಳೆ.
ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು
ಓಮ್‌ದುರ್ಮಾನಿನ ಅಣ್ಣನ ದನಿ ಹಾಕುತ್ತಾಳೆ,
ಹನ್ನೊಂದು ಸೆಕೆಂಡು, ಮಾರ್ಚಿನದು:
ಬಕೆಟ್ಟುಗಳು ತಾಗುವ ಸದ್ದು,
‘ಸಾಲು ಇನ್ನೂ ಉದ್ದ ಇದೆ.’

‘ಪಾರ್ಟೀಸ್’ಗೆ ನಿಮ್ಮಲ್ಲಿ ಏನು? ಕೇಳಿದಳು ಇವತ್ತು.
ಪಕ್ಷ, ಎಂದೆ. ಹಕ್ಕಿಯ ರೆಕ್ಕೆಗೂ ಅದೇ,
ಚಂದ್ರನ ಹದಿನೈದು ದಿನಕ್ಕೂ ಅದೇ.
ಒಂದು ಬೆಳೆಯುತ್ತದೆ, ಒಂದು ಕರಗುತ್ತದೆ.

‘ನಮ್ಮವು ಎರಡೂ ಕರಗುವುವೇ’ ಅಂದಳು,
ಕಪ್ಪು ಕೆಳಗಿಟ್ಟು ಗೂಡಿಗೆ ಹೋದಳು.

ಸಂಜೆ ಹೇಳಿಕೆ ಬಂತು: ‘ಆದಷ್ಟು ಬೇಗ.’
ಯಾರೂ ಕೂರದ ಎರಡು ಕುರ್ಚಿಯ ಮುಂದಿನ
ಹೆಸರಿನ ಚೀಟಿಗಳನ್ನು ನಾನೇ ಎತ್ತಿದೆ.
ದಪ್ಪ ಕಾಗದ. ಹಿಂಬದಿ ಖಾಲಿ.
ನಾಳೆಯ ಹಾಲಿನ ಲೆಕ್ಕ ಬರೆದುಕೊಂಡೆ.